ಕಲ್ನಾರು, ಮೀಸೋಥೀಲಿಯೋಮ ಮತ್ತು ಪರಿಹಾರದ ಕಾನೂನು

ಆಸ್ಬೆಸ್ಟಾಸ್ ಎಂಬ ಖನಿಜಕ್ಕೆ ಕನ್ನಡದಲ್ಲಿ ಕಲ್ನಾರು ಎಂಬ ಹೆಸರಿದೆ. ನಮ್ಮ ಪಾರಿಭಾಷಿಕ ಪದಗಳಲ್ಲಿ ಇಷ್ಟು ಅನ್ವರ್ಥವಾದವು ಹೆಚ್ಚಿಲ್ಲ. ಅದು ನಿಜಕ್ಕೂ ಕಲ್ಲು. ಆದರೆ ಹಿಸುಕಿದರೆ ನಾರಿನಂತೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಹತ್ತಿಯಂತೆ ನೂಲಬಹುದು, ನೇಯಬಹುದು. ಬೆಂಕಿಗೆ ಹಾಕಿದರೆ ಸುಡದು. ಆದರೂ ನಮ್ಮ ಊರುಗಳಲ್ಲಿ ಅದನ್ನು ಕಲ್ನಾರು ಎಂದು ಕರೆಯುವವರು ವಿರಳ. ಅಲ್ಲಿ ಅದು ಬರಿಯ 'ಶೀಟು'. ಹುಲ್ಲಿನ ಮತ್ತು ಹೆಂಚಿನ ಮಾಡುಗಳ ಜಾಗದಲ್ಲಿ ಈ ಬೂದುಬಣ್ಣದ, ಅಲೆಅಲೆಯಾದ ಹಲಗೆಗಳು ಬಂದು ಎರಡು ತಲೆಮಾರುಗಳಾದವು. ದನದ ಕೊಟ್ಟಿಗೆ, ಬಚ್ಚಲುಮನೆ, ರೇಷ್ಮೆಹುಳು ಸಾಕುವ ಮನೆ, ಸಂತೆಯ ಅಂಗಡಿ, ಶಾಲೆಯ ಜಗಲಿ, ಬೆಂಗಳೂರಿನ ವಠಾರದ ಮೇಲ್ಮಹಡಿ, ಎಲ್ಲಕ್ಕೂ ಅದೇ ಹೊದಿಕೆ. ಅದರ ಸಿಮೆಂಟಿನೊಳಗೆ ಬಲಕ್ಕಾಗಿ ಬೆರೆಸಿರುವುದು ಬಿಳಿಯ ಕಲ್ನಾರು.

ಕಲ್ನಾರು ತರುವ ರೋಗಗಳ ಬಗೆಗೆ ಅಮೆರಿಕದಲ್ಲಿ ಮಾಹಿತಿಯ ಕೊರತೆಯಿಲ್ಲ. ನಡುರಾತ್ರಿಯ ದೂರದರ್ಶನದಲ್ಲಿ ವಕೀಲರ ಜಾಹೀರಾತುಗಳೇ ಅದನ್ನು ಬೇಕಾದಷ್ಟು ಹೇಳುತ್ತವೆ. ಆದರೆ ಆ ಜಾಹೀರಾತುಗಳು ಅಮೆರಿಕದ ಹಡಗುಕಟ್ಟೆಗಳಲ್ಲಿ ದುಡಿದವರನ್ನು ಉದ್ದೇಶಿಸಿದವು. ಒಂದು ದೇಶದಲ್ಲಿ ದುಡಿದು ಇನ್ನೊಂದು ದೇಶದಲ್ಲಿ ಮುಪ್ಪನ್ನು ಕಾಣುವ ನಮ್ಮಂಥವರಿಗೆ ಈ ರೋಗ ಬೇರೊಂದು ತೊಡಕನ್ನು ಒಡ್ಡುತ್ತದೆ. ನಾರನ್ನು ಉಸಿರಾಡಿದ ದಿನಕ್ಕೂ ರೋಗ ಕಾಣಿಸಿಕೊಳ್ಳುವ ದಿನಕ್ಕೂ ನಡುವೆ ಸಾಮಾನ್ಯವಾಗಿ 20ರಿಂದ 50 ವರ್ಷಗಳ ಅಂತರವಿರುತ್ತದೆ. ಅಷ್ಟು ಕಾಲದ ಬಳಿಕವೂ ನಾರು ದೇಹದಲ್ಲಿರುತ್ತದೆ. ಆದರೆ ಅದು ಎಲ್ಲಿಂದ ಬಂತೆಂಬುದಕ್ಕೆ ಆಧಾರ ಉಳಿದಿರುವುದಿಲ್ಲ. ರೋಗವನ್ನು ಗುರುತಿಸಬೇಕಾದ ವೈದ್ಯನಿಗೂ ಪರಿಹಾರ ಕೊಡಿಸಬೇಕಾದ ನ್ಯಾಯಾಲಯಕ್ಕೂ ಬೇಕಾಗುವುದು ಆ ಆಧಾರವೇ.

ನಾರು ಮಾಡುವ ಕೆಲಸ

ಕಲ್ನಾರಿನಲ್ಲಿ ಎರಡು ಕುಲಗಳಿವೆ. ಸರ್ಪೆಂಟೀನ್ ಕುಲದ ಕ್ರೈಸೊಟೈಲ್ ಬಿಳಿಯದು, ಸುರುಳಿಯಾದದ್ದು. ಆಂಫಿಬೋಲ್ ಕುಲದವು ಸೂಜಿಯಂತೆ ನೇರವಾದವು. ನೀಲಿಯ ಕ್ರೊಸಿಡೊಲೈಟ್, ಕಂದುಬಣ್ಣದ ಅಮೊಸೈಟ್ ಇವುಗಳಲ್ಲಿ ಮುಖ್ಯ. ಮೀಸೋಥೀಲಿಯೋಮ ತರುವುದರಲ್ಲಿ ಆಂಫಿಬೋಲುಗಳು ಬಿಳಿಯದಕ್ಕಿಂತ ಹೆಚ್ಚು ಉಗ್ರವಾದವು. ಇದನ್ನೇ ಹಿಡಿದುಕೊಂಡು 'ಬಿಳಿಯದು ನಿರಪಾಯಕಾರಿ' ಎಂದು ಉದ್ಯಮದವರು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಆ ವಾದಕ್ಕೆ ವೈದ್ಯಕೀಯದ ಬೆಂಬಲವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕಲ್ನಾರಿನ ಎಲ್ಲ ಬಗೆಗಳನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗದಲ್ಲಿರಿಸಿದೆ.

ಕಲ್ನಾರು ಮುರಿಯುವಾಗ ಅಡ್ಡಡ್ಡ ತುಂಡಾಗುವುದಕ್ಕಿಂತ ಉದ್ದುದ್ದ ಸೀಳಿಕೊಳ್ಳುತ್ತದೆ. ಹೀಗೆ ಸೀಳಿದ ಎಳೆಗಳು ಕಣ್ಣಿಗೆ ಕಾಣದಷ್ಟು ತೆಳ್ಳಗಾಗಿ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲಿ, ಶ್ವಾಸಕೋಶದ ತುದಿಯ ಗೂಡುಗಳವರೆಗೂ ಸಾಗಬಲ್ಲವು. ಅಲ್ಲಿ ಕಾವಲಿರುವ ಜೀವಕೋಶಗಳು ಪರವಸ್ತುಗಳನ್ನು ನುಂಗಿ ಹಾಕುವಂಥವು. ಆದರೆ ಎಳೆ ತಮಗಿಂತ ಉದ್ದವಾಗಿದ್ದರೆ ನುಂಗಲಾರವು, ಬಿಡಲಾರವು. ಅರ್ಧ ನುಂಗಿದ ಸ್ಥಿತಿಯಲ್ಲಿ ಅವು ಉರಿಯೂತವನ್ನು ಹುಟ್ಟಿಸುವ ರಾಸಾಯನಿಕಗಳನ್ನು ಸುತ್ತಲೂ ಚೆಲ್ಲುತ್ತವೆ. ಕೆಲವು ಎಳೆಗಳು ಶ್ವಾಸಕೋಶವನ್ನು ದಾಟಿ ಅದರ ಹೊರಪೊರೆಯನ್ನು ಸೇರುತ್ತವೆ. ವರ್ಷಾನುಗಟ್ಟಲೆ ನಡೆಯುವ ಈ ಉರಿಯೂತದಲ್ಲಿ ಜೀವಕೋಶಗಳ ವಂಶವಾಹಿಗಳಿಗೆ ಪೆಟ್ಟು ಬೀಳುತ್ತ ಹೋಗುತ್ತದೆ.

ಇದರ ಪರಿಣಾಮ ಹಲವು ತೆರ. ಪೊರೆಯ ಮೇಲೆ ಸುಣ್ಣಗಟ್ಟಿದ ಮಚ್ಚೆಗಳು ಮೂಡಬಹುದು. ಇವು ಕ್ಯಾನ್ಸರ್ ಅಲ್ಲ, ಆದರೆ ನಾರು ಒಳಹೊಕ್ಕಿದೆ ಎಂಬುದಕ್ಕೆ ಗುರುತು. ಬಹುಕಾಲ, ಬಹಳಷ್ಟು ಧೂಳನ್ನು ಕುಡಿದವರ ಶ್ವಾಸಕೋಶವೇ ಗಟ್ಟಿಯಾಗುತ್ತ ಬರುವುದು ಆಸ್ಬೆಸ್ಟೋಸಿಸ್. ಮೂರನೆಯದು ಶ್ವಾಸಕೋಶದ ಕ್ಯಾನ್ಸರ್. ಇಲ್ಲಿ ಧೂಮಪಾನವೂ ಕೂಡಿಕೊಂಡರೆ ಅಪಾಯ ಎರಡರ ಮೊತ್ತಕ್ಕಿಂತ ಎಷ್ಟೋ ಹೆಚ್ಚಾಗುತ್ತದೆಂದು ನ್ಯೂಯಾರ್ಕಿನ ವೈದ್ಯ ಇರ್ವಿಂಗ್ ಸೆಲಿಕಾಫ್ 1960ರ ದಶಕದಲ್ಲೇ ತೋರಿಸಿದರು. ನಾಲ್ಕನೆಯದೇ ಮೀಸೋಥೀಲಿಯೋಮ: ಶ್ವಾಸಕೋಶದ, ಕೆಲವೊಮ್ಮೆ ಹೊಟ್ಟೆಯ, ಹೊದಿಕೆ ಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್. ಇದಕ್ಕೂ ಧೂಮಪಾನಕ್ಕೂ ಸಂಬಂಧವಿಲ್ಲ. ಸಿಗರೇಟನ್ನು ಮುಟ್ಟದವರಿಗೂ ಬರುತ್ತದೆ.

ಇದು ಕಾರ್ಖಾನೆಯೊಳಗಿನವರ ರೋಗ ಮಾತ್ರವಲ್ಲವೆಂಬುದು ಗೊತ್ತಾದದ್ದು ದಕ್ಷಿಣ ಆಫ್ರಿಕದಲ್ಲಿ. ಅಲ್ಲಿನ ನೀಲಿ ಕಲ್ನಾರಿನ ಗಣಿಸೀಮೆಯಿಂದ 33 ಮೀಸೋಥೀಲಿಯೋಮ ರೋಗಿಗಳ ವಿವರವನ್ನು ವ್ಯಾಗ್ನರ್ ಮತ್ತು ಸಂಗಡಿಗರು 1960ರಲ್ಲಿ ಪ್ರಕಟಿಸಿದರು. ಅವರಲ್ಲಿ ಗಣಿಯಲ್ಲಿ ಎಂದೂ ದುಡಿಯದೆ ಗಣಿಯ ಸುತ್ತ ಬದುಕಿದ್ದವರೂ ಇದ್ದರು. ಕಾರ್ಮಿಕರ ಬಟ್ಟೆ ಒಗೆಯುವ ಹೆಂಡತಿಯರಿಗೂ, ಮನೆಯ ಮಕ್ಕಳಿಗೂ ಈ ರೋಗ ತಗಲಬಹುದೆಂಬುದು ಮುಂದಿನ ವರ್ಷಗಳಲ್ಲಿ ಬ್ರಿಟನ್ ಹಾಗೂ ಅಮೆರಿಕದ ಅಧ್ಯಯನಗಳಿಂದ ಖಚಿತವಾಯಿತು. ಬಿಎಪಿ1 ಎಂಬ ವಂಶವಾಹಿಯಲ್ಲಿ ಹುಟ್ಟಿನಿಂದಲೇ ದೋಷವಿರುವ ಕುಟುಂಬಗಳಲ್ಲಿ ಅಲ್ಪ ಪ್ರಮಾಣದ ನಾರೂ ಸಾಕಾಗಬಹುದು. ಇದು ತಿಳಿದದ್ದು 2011ರಲ್ಲಿ.

ಎದೆಯಲ್ಲಿ ನೀರು

ರೋಗಿ ವೈದ್ಯನ ಬಳಿಗೆ ಬರುವುದು ಸಾಮಾನ್ಯವಾಗಿ ಏದುಸಿರಿನಿಂದ. ಮೆಟ್ಟಿಲು ಹತ್ತುವಾಗ ಮೊದಲಿಲ್ಲದ ಆಯಾಸ, ಒಂದು ಪಕ್ಕದಲ್ಲಿ ಮಂದವಾದ ನೋವು, ಕಾರಣವಿಲ್ಲದೆ ಇಳಿಯುವ ತೂಕ. ಎಕ್ಸ್‌ರೇ ತೆಗೆದರೆ ಒಂದು ಬದಿಯಲ್ಲಿ ಶ್ವಾಸಕೋಶದ ಸುತ್ತ ನೀರು ತುಂಬಿರುತ್ತದೆ.

ಕರ್ನಾಟಕದ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ನನ್ನ ತಲೆಮಾರಿನ ವೈದ್ಯರಿಗೆ ಎದೆಯಲ್ಲಿ ನೀರು ಎಂದರೆ ಮೊದಲು ಹೊಳೆಯುವುದು ಕ್ಷಯ. ಕ್ಷಯ ಅಷ್ಟು ವ್ಯಾಪಕವಾಗಿರುವ ನಾಡಿನಲ್ಲಿ ಅದು ತಪ್ಪಾದ ಯೋಚನೆಯಲ್ಲ. ಬಹುಪಾಲು ಸಲ ಅದೇ ಸರಿ. ತೊಡಕು ಇರುವುದು ಅಲ್ಲಿಗೇ ನಿಲ್ಲಿಸುವುದರಲ್ಲಿ. ಮೀಸೋಥೀಲಿಯೋಮದ ನೀರಿನಲ್ಲೂ ಲಿಂಫೋಸೈಟುಗಳೇ ಹೆಚ್ಚಾಗಿರಬಹುದು. ಕ್ಷಯವನ್ನು ಸೂಚಿಸುವುದೆಂದು ನಾವು ನೆಚ್ಚುವ ಎಡಿಎ ಎಂಬ ಕಿಣ್ವದ ಮಟ್ಟ ಕೆಲವೊಮ್ಮೆ ಇದರಲ್ಲೂ ಏರಿರುತ್ತದೆ. ನೀರನ್ನಷ್ಟೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ಯಾನ್ಸರಿನ ಕೋಶಗಳು ಅನೇಕ ವೇಳೆ ಸಿಕ್ಕುವುದೇ ಇಲ್ಲ. ಆರು ತಿಂಗಳು ಕ್ಷಯದ ಮಾತ್ರೆ ನುಂಗಿ, ನೀರು ಮತ್ತೆ ಮತ್ತೆ ತುಂಬಿಕೊಂಡಾಗ ಬೇರೆ ಯೋಚನೆ ಬರುವಷ್ಟರಲ್ಲಿ ರೋಗಿಗೆ ಉಳಿದ ಕಾಲದ ಅರ್ಧಭಾಗ ಕಳೆದಿರುತ್ತದೆ.

ಖಚಿತಪಡಿಸಲು ಪೊರೆಯ ತುಣುಕು ಬೇಕು. ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ತೂರಿಸಿ ತೆಗೆಯುವ ಬಯಾಪ್ಸಿ ಇದಕ್ಕೆ ಉತ್ತಮ ಮಾರ್ಗ. ಆ ತುಣುಕಿನ ಮೇಲೆ ಕ್ಯಾಲ್ರೆಟಿನಿನ್, ಡಬ್ಲ್ಯುಟಿ1 ಮೊದಲಾದ ಬಣ್ಣದ ಪರೀಕ್ಷೆಗಳನ್ನು ಮಾಡಿ, ಇದು ಪೊರೆಯಲ್ಲೇ ಹುಟ್ಟಿದ ಗಡ್ಡೆಯೋ ಬೇರೆಡೆಯಿಂದ ಹರಡಿದ ಕ್ಯಾನ್ಸರೋ ಎಂದು ರೋಗಶಾಸ್ತ್ರಜ್ಞರು ನಿರ್ಣಯಿಸುತ್ತಾರೆ. ಅಷ್ಟು ದೂರ ಹೋಗಬೇಕೆಂದು ವೈದ್ಯನಿಗೆ ಅನ್ನಿಸುವಂತೆ ಮಾಡುವುದು ಹೆಚ್ಚಾಗಿ ಒಂದೇ ಸಂಗತಿ: ರೋಗಿ ಹಿಂದೆ ಏನು ಕೆಲಸ ಮಾಡಿದ್ದರೆಂಬ ಪ್ರಶ್ನೆ. ಅಮೆರಿಕದ ವೈದ್ಯ ಈ ಪ್ರಶ್ನೆ ಕೇಳಿದಾಗ ನಮ್ಮ ಹಿರಿಯರ ಪರವಾಗಿ ಮಗನೋ ಮಗಳೋ 'ರಿಟೈರ್ಡ್' ಎಂದಷ್ಟೇ ಉತ್ತರಿಸುವುದನ್ನು ಬಹಳ ಸಲ ಕೇಳಿದ್ದೇನೆ. ಅಪ್ಪ ಮೂವತ್ತು ವರ್ಷ ಬಾಯ್ಲರ್ ಮನೆಯಲ್ಲಿದ್ದರು, ಉಗಿಕೊಳವೆಗಳಿಗೆ ಬಿಳಿಯ ಹಗ್ಗ ಸುತ್ತಿಸುತ್ತಿದ್ದರು ಎಂಬುದು ಆಮೇಲೆ, ಇನ್ಯಾವುದೋ ಮಾತಿನ ನಡುವೆ ಬರುತ್ತದೆ.

ಚಿಕಿತ್ಸೆಯ ಬಗ್ಗೆ ಉಬ್ಬಿಸಿ ಹೇಳುವಂಥದ್ದು ಕಡಿಮೆ. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪೆಮೆಟ್ರೆಕ್ಸೆಡ್ ಮತ್ತು ಸಿಸ್‌ಪ್ಲಾಟಿನ್ ಜೋಡಿಯು ಮಧ್ಯಮ ಆಯುಷ್ಯವನ್ನು 9.3 ತಿಂಗಳಿನಿಂದ 12.1 ತಿಂಗಳಿಗೆ ಏರಿಸಿತು. ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಎಂಬ ರೋಗನಿರೋಧಕ ಔಷಧಗಳ ಜೋಡಿಗೆ 2020ರಲ್ಲಿ ಇಲ್ಲಿ ಅನುಮತಿ ದೊರೆಯಿತು. ಅದರ ಪ್ರಯೋಗದಲ್ಲಿ ಮಧ್ಯಮ ಆಯುಷ್ಯ 18.1 ತಿಂಗಳು, ಹಳೆಯ ಕೀಮೋಥೆರಪಿಯಲ್ಲಿ 14.1. ಕೆಲವರು ಇದಕ್ಕಿಂತ ಬಹಳ ಹೆಚ್ಚು ಕಾಲ ಬದುಕಿದ್ದಾರೆ. ದೊಡ್ಡ ಶಸ್ತ್ರಚಿಕಿತ್ಸೆಯಿಂದ ಲಾಭವಿದೆಯೆಂಬ ನಂಬಿಕೆ ಇತ್ತೀಚಿನ ಬ್ರಿಟಿಷ್ ಪ್ರಯೋಗದ ನಂತರ ಬಲವಾಗಿ ಅಲುಗಾಡಿದೆ.

ಮಿಲ್ಪಿಟಾಸಿನ ಸುತ್ತಮುತ್ತ

ಕಂಪ್ಯೂಟರಿನ ಕಣಿವೆಗೂ ಕಲ್ನಾರಿಗೂ ಏನು ಸಂಬಂಧವೆಂದು ಕೇಳಬಹುದು. ನಾವು ವಾರಾಂತ್ಯದಲ್ಲಿ ಸುತ್ತುವ ಗ್ರೇಟ್ ಮಾಲ್ ಒಂದು ಕಾಲದಲ್ಲಿ ಫೋರ್ಡ್ ಕಂಪನಿಯ ಕಾರು ಜೋಡಣೆಯ ಕಾರ್ಖಾನೆ. 1955ರಿಂದ 1983ರವರೆಗೆ ಅಲ್ಲಿ ಕಾರುಗಳು ತಯಾರಾದವು. ಮಾಲ್ ತೆರೆದದ್ದು 1994ರಲ್ಲಿ. ಆ ದಶಕಗಳ ಕಾರುಗಳ ಬ್ರೇಕು ಮತ್ತು ಕ್ಲಚ್ಚುಗಳ ಒಳಪದರದಲ್ಲಿ ಬಿಳಿ ಕಲ್ನಾರನ್ನು ಬಳಸುವುದು ಸರ್ವಸಾಧಾರಣವಾಗಿತ್ತು. ಅದನ್ನು ಉಜ್ಜಿ, ಊದಿ ಸ್ವಚ್ಛಗೊಳಿಸುತ್ತಿದ್ದ ಮೆಕ್ಯಾನಿಕ್ಕುಗಳು ಇಂದಿಗೂ ಈ ದೇಶದ ನ್ಯಾಯಾಲಯಗಳ ಕಟಕಟೆಯಲ್ಲಿ ಕಾಣಿಸಿಕೊಳ್ಳುತ್ತಾರೆ.

ಊರಿಗೆ ಪಶ್ಚಿಮದಲ್ಲಿ, ಕೊಲ್ಲಿಯ ಅಂಚಿಗಿರುವ ಆಲ್ವಿಸೊ ಇನ್ನೂ ನೇರವಾದ ಉದಾಹರಣೆ. ಕಲ್ನಾರು ಸಿಮೆಂಟಿನ ಕೊಳವೆಗಳನ್ನು ಮಾಡುತ್ತಿದ್ದ ಕಾರ್ಖಾನೆಯ ತ್ಯಾಜ್ಯವನ್ನು ಆ ಭಾಗದ ಕಸದ ಹೊಂಡಗಳಲ್ಲಿ ಸುರಿಯಲಾಗಿತ್ತು. 1983ರ ಪ್ರವಾಹದ ವೇಳೆ ಊರಿನ ಸುತ್ತ ಎತ್ತರಿಸಿದ ಏರಿಗೆ ಬಳಸಿದ ಮಣ್ಣಿನಲ್ಲೂ ಕಲ್ನಾರಿತ್ತು. ಸೌತ್ ಬೇ ಆಸ್ಬೆಸ್ಟಾಸ್ ಪ್ರದೇಶ ಎಂಬ ಹೆಸರಿನಲ್ಲಿ ಅದು ಅಮೆರಿಕದ ಪರಿಸರ ಇಲಾಖೆಯ ಸೂಪರ್‌ಫಂಡ್ ಪಟ್ಟಿಯನ್ನು ಸೇರಿತು. ನೆರೆಯಿಂದ ಊರನ್ನು ಉಳಿಸಲು ಕಟ್ಟಿದ ಏರಿಯೇ ಅಪಾಯದ ಮೂಲಗಳಲ್ಲಿ ಒಂದೆಂದು ಗೊತ್ತಾದಾಗ ಅಲ್ಲಿನವರಿಗೆ ಏನನ್ನಿಸಿತೋ.

ಪೂರ್ವದ ಬೆಟ್ಟಗಳಲ್ಲಿ ಇದು ಪ್ರಕೃತಿಯದೇ ದೇಣಿಗೆ. 1965ರಲ್ಲಿ ಕ್ಯಾಲಿಫೋರ್ನಿಯ ತನ್ನ ರಾಜ್ಯಶಿಲೆಯೆಂದು ಆರಿಸಿಕೊಂಡದ್ದು ಸರ್ಪೆಂಟೀನನ್ನು, ಅಂದರೆ ಬಿಳಿ ಕಲ್ನಾರಿನ ತವರುಶಿಲೆಯನ್ನು. 2010ರಲ್ಲಿ ಆ ಪಟ್ಟವನ್ನು ಕಿತ್ತುಕೊಳ್ಳುವ ಮಸೂದೆ ಬಂದು, ಭೂವಿಜ್ಞಾನಿಗಳ ವಿರೋಧದಿಂದ ಬಿದ್ದುಹೋಯಿತು. ಮಿಲ್ಪಿಟಾಸಿನಿಂದ ಬೆಟ್ಟ ಹತ್ತುವ ಕ್ಯಾಲವೆರಸ್ ರಸ್ತೆಯ ಆಚೆಗಿರುವ ಜಲಾಶಯದ ಹಳೆಯ ಅಣೆಕಟ್ಟಿನ ಬದಲು ಹೊಸದನ್ನು ಕಟ್ಟುವಾಗ, ಅಗೆದ ಬಂಡೆಯಲ್ಲಿ ಸಹಜ ಕಲ್ನಾರು ಇದ್ದುದರಿಂದ ನೀರು ಚಿಮುಕಿಸಿ ಧೂಳಡಗಿಸುವುದು, ಸುತ್ತಲ ಗಾಳಿಯನ್ನು ಅಳೆಯುತ್ತಿರುವುದು ಕಾಮಗಾರಿಯ ಭಾಗವೇ ಆಗಿತ್ತು. ದಕ್ಷಿಣಕ್ಕೆ ಸ್ಯಾನ್ ಬೆನಿಟೊ ಕೌಂಟಿಯಲ್ಲಿ ಅಮೆರಿಕದ ಕೊನೆಯ ಕಲ್ನಾರು ಗಣಿ 2002ರಲ್ಲಿ ಮುಚ್ಚಿತು. ಅಲ್ಲಿನ ಕ್ಲಿಯರ್ ಕ್ರೀಕ್ ಗುಡ್ಡಗಳಲ್ಲಿ ಬೈಕು ಓಡಿಸುವವರು ಕುಡಿಯುವ ಧೂಳಿನ ಅಳತೆ ಬಂದ ಮೇಲೆ 2008ರಲ್ಲಿ ಆ ಪ್ರದೇಶವನ್ನು ಜನರಿಗೆ ಮುಚ್ಚಲಾಯಿತು.

ಇದರಿಂದ ಭಯಪಟ್ಟು ಬೆಟ್ಟದ ನಡಿಗೆಯನ್ನು ಬಿಡಬೇಕಾಗಿಲ್ಲ. ಅಪಾಯ ಗಾಳಿಗೆ ಏಳುವ ಧೂಳಿನ ಪ್ರಮಾಣವನ್ನೂ ಎಷ್ಟು ಕಾಲ ಉಸಿರಾಡಿದೆವೆಂಬುದನ್ನೂ ಅವಲಂಬಿಸಿದೆ. ನಮ್ಮಲ್ಲಿ ಅನೇಕರು ಎಚ್ಚರ ವಹಿಸಬೇಕಾದ ಜಾಗ ಬೆಟ್ಟಕ್ಕಿಂತ ಮನೆ. 1980ಕ್ಕೆ ಮೊದಲು ಕಟ್ಟಿದ ಮನೆಗಳ ಹರಳುಹರಳಾದ ಚಾವಣಿ, ಒಂಬತ್ತು ಅಂಗುಲದ ನೆಲಹಾಸು ಬಿಲ್ಲೆಗಳು ಮತ್ತು ಅವುಗಳ ಕೆಳಗಿನ ಅಂಟು, ಬಿಸಿಗಾಳಿಯ ಕೊಳವೆಗಳಿಗೆ ಸುತ್ತಿದ ಬಿಳಿ ಪಟ್ಟಿ, ಇವುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಗಣನೀಯ. ಮುಟ್ಟದಿದ್ದರೆ ತೊಂದರೆಯಿಲ್ಲ. ಅಡುಗೆಮನೆಯನ್ನು ತಾವೇ ಒಡೆದು ಹೊಸದು ಮಾಡಿಕೊಳ್ಳುವ ಉತ್ಸಾಹ ಬಂದಾಗ ಮೊದಲು ಒಂದು ಚೂರನ್ನು ಪ್ರಯೋಗಾಲಯಕ್ಕೆ ಕೊಟ್ಟು ನೋಡಬೇಕು. ಇದ್ದರೆ ಅದನ್ನು ತೆಗೆಯುವ ಪರವಾನಗಿ ಹೊಂದಿದವರಿಂದಲೇ ತೆಗೆಸಬೇಕು.

ಅಮೆರಿಕದ ನ್ಯಾಯಾಲಯಗಳ ದಾರಿ

ನಾನು ವೈದ್ಯ, ವಕೀಲನಲ್ಲ. ಆದರೆ ಈ ರೋಗದಲ್ಲಿ ವೈದ್ಯನ ಟಿಪ್ಪಣಿಯೇ ಮುಂದೆ ಸಾಕ್ಷ್ಯವಾಗುವುದರಿಂದ ಕಾನೂನಿನ ಚೌಕಟ್ಟನ್ನು ತಿಳಿಯದೆ ಇರಲಾಗುವುದಿಲ್ಲ.

ಕೆಲಸದಿಂದ ಬಂದ ರೋಗಕ್ಕೆ ಮಾಲೀಕನಿಂದ ಸಿಗುವುದು ಸಾಮಾನ್ಯವಾಗಿ ಕಾರ್ಮಿಕ ಪರಿಹಾರ ವಿಮೆಯ ನಿಗದಿತ ಹಣ ಮಾತ್ರ. ಅದರಾಚೆಗೆ ಮಾಲೀಕನ ಮೇಲೆ ದಾವೆ ಹೂಡುವಂತಿಲ್ಲ. ಆದ್ದರಿಂದ ದಾವೆಗಳು ತಿರುಗಿದ್ದು ವಸ್ತುವನ್ನು ತಯಾರಿಸಿದವರ ಮೇಲೆ. ಟೆಕ್ಸಸ್ ಸೀಮೆಯಲ್ಲಿ 1936ರಿಂದ ಕೊಳವೆಗಳಿಗೆ ಶಾಖನಿರೋಧಕ ಹೊದಿಸುತ್ತಿದ್ದ ಕ್ಲಾರೆನ್ಸ್ ಬೊರೆಲ್ ಎಂಬ ಕಾರ್ಮಿಕ 1969ರಲ್ಲಿ ಹೂಡಿದ ದಾವೆ ಇದಕ್ಕೆ ಹಾದಿ ತೆರೆಯಿತು. ವಿಚಾರಣೆಗೆ ಮುಂಚೆಯೇ ಆತ ತೀರಿಕೊಂಡ. ಅಪಾಯವನ್ನು ಬಲ್ಲ ತಯಾರಕರು ಬಳಸುವವರಿಗೆ ಎಚ್ಚರಿಕೆ ಕೊಡದಿದ್ದರೆ ಹೊಣೆಗಾರರೆಂದು ಮೇಲ್ಮನವಿ ನ್ಯಾಯಾಲಯ 1973ರಲ್ಲಿ ಎತ್ತಿಹಿಡಿಯಿತು. ಆಮೇಲೆ ಬಂದ ದಾವೆಗಳ ಮಹಾಪೂರದಲ್ಲಿ ಅತಿದೊಡ್ಡ ತಯಾರಕ ಜಾನ್ಸ್ ಮ್ಯಾನ್‌ವಿಲ್ 1982ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದರಿಂದ ಹೊಸ ಏರ್ಪಾಡೊಂದು ಹುಟ್ಟಿತು: ಕಂಪನಿ ತನ್ನ ಆಸ್ತಿಯ ಒಂದು ಪಾಲನ್ನು ಟ್ರಸ್ಟ್ ಒಂದಕ್ಕೆ ಒಪ್ಪಿಸಬೇಕು, ಇಂದಿನ ಮತ್ತು ಮುಂದಿನ ರೋಗಿಗಳು ಆ ಟ್ರಸ್ಟಿನಿಂದ ಪರಿಹಾರ ಪಡೆಯಬೇಕು. 1994ರಲ್ಲಿ ದಿವಾಳಿ ಕಾನೂನಿನೊಳಗೇ ಇದಕ್ಕೆ ಸ್ಥಾನ ಕೊಡಲಾಯಿತು. ಇಂದು ಇಂಥ ಟ್ರಸ್ಟುಗಳು ಹತ್ತಾರಿವೆ. ಆದರೆ ಮುಂದೆ ಬರುವ ರೋಗಿಗಳಿಗೂ ಹಣ ಉಳಿಯಬೇಕಾದ್ದರಿಂದ ಹಲವು ಟ್ರಸ್ಟುಗಳು ನಿಗದಿತ ಮೊತ್ತದ ಸಣ್ಣ ಅಂಶವನ್ನು ಮಾತ್ರ ಕೊಡುತ್ತವೆ. ಮ್ಯಾನ್‌ವಿಲ್ ಟ್ರಸ್ಟಿನಲ್ಲಿ ಅದು ಶೇಕಡ 5ರ ಆಸುಪಾಸಿಗೆ ಇಳಿದಿದೆ. ಜಾಹೀರಾತಿನಲ್ಲಿ ಹೇಳುವ ಕೋಟಿಗಳನ್ನು ಕೇಳುವಾಗ ಈ ಸಂಗತಿ ನೆನಪಿರಲಿ.

ಕ್ಯಾಲಿಫೋರ್ನಿಯದ ಕಾನೂನು ರೋಗಿಗಳಿಗೆ ಹಲವು ವಿಧದಲ್ಲಿ ಅನುಕೂಲಕರ. ದೇಹದಲ್ಲಿರುವ ಯಾವ ಎಳೆ ಯಾವ ಕಂಪನಿಯದೆಂದು ಯಾರೂ ಹೇಳಲಾರರು. 1997ರ ರದರ್‌ಫರ್ಡ್ ತೀರ್ಪಿನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಿಕೊಂಡಿತು. ವಾದಿಯು ವಲೇಹೊ ಬಳಿಯ ಮೇರ್ ಐಲೆಂಡ್ ಹಡಗುಕಟ್ಟೆಯಲ್ಲಿ ದುಡಿದವರು. ಪ್ರತಿವಾದಿಯ ವಸ್ತುವಿನಿಂದ ತಾನು ಧೂಳನ್ನು ಉಸಿರಾಡಿದೆ, ಮತ್ತು ಅದು ಒಟ್ಟು ಅಪಾಯಕ್ಕೆ ಗಣನೀಯವಾಗಿ ಕೂಡಿಕೊಂಡಿತು ಎಂದು ಸಂಭವನೀಯತೆಯ ಮೇಲೆ ತೋರಿಸಿದರೆ ಸಾಕು. 2016ರ ಕೆಸ್ನರ್ ತೀರ್ಪು ಇನ್ನೂ ಮುಂದೆ ಹೋಯಿತು. ಕಾರ್ಮಿಕನ ಬಟ್ಟೆಯ ಮೇಲೆ ಮನೆಗೆ ಬರುವ ನಾರಿನಿಂದ ಒಂದೇ ಮನೆಯಲ್ಲಿ ವಾಸಿಸುವವರಿಗೆ ಆಗುವ ಹಾನಿಯನ್ನು ತಡೆಯುವ ಕರ್ತವ್ಯವೂ ಮಾಲೀಕನಿಗಿದೆಯೆಂದು ಅದು ಹೇಳಿತು. ಬಟ್ಟೆ ಒಗೆದ ಅಮ್ಮಂದಿರ ಪಾಡು ನ್ಯಾಯಶಾಸ್ತ್ರದಲ್ಲಿ ಜಾಗ ಪಡೆಯಲು ವೈದ್ಯಶಾಸ್ತ್ರಕ್ಕಿಂತ ಅರ್ಧ ಶತಮಾನ ಹೆಚ್ಚು ಬೇಕಾಯಿತು.

ರೋಗಿಯ ಆಯುಷ್ಯ ಅಲ್ಪವಾದ್ದರಿಂದ ವಿಚಾರಣೆಯನ್ನು ಮುಂದಕ್ಕೆಳೆದುಕೊಳ್ಳಲು ಅವಕಾಶವಿದೆ; ಆದ್ಯತೆಯ ಅರ್ಜಿ ಒಪ್ಪಿತವಾದರೆ 120 ದಿನಗಳೊಳಗೆ ವಿಚಾರಣೆ ಗೊತ್ತಾಗಬೇಕು. ಹಾಸಿಗೆ ಹಿಡಿದವರನ್ನು ಹತ್ತಾರು ಪ್ರತಿವಾದಿಗಳ ವಕೀಲರು ದಿನಗಟ್ಟಲೆ ಪ್ರಶ್ನಿಸುತ್ತಿದ್ದ ಪದ್ಧತಿಗೂ 2020ರಿಂದ ಗಂಟೆಗಳ ಮಿತಿ ಬಂದಿದೆ. ವೀಸಾದ ಸ್ಥಿತಿ ಏನೇ ಇರಲಿ, ಹೊಣೆಗಾರಿಕೆಯ ಪ್ರಶ್ನೆಗೆ ಅದು ಅಪ್ರಸ್ತುತವೆಂದು ರಾಜ್ಯದ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಎಚ್‌1ಬಿ ವೀಸಾದಲ್ಲಿರುವವರು ಈ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ಪ್ರತಿಕೂಲವಾದದ್ದು ಕಾಲಮಿತಿ. ನಾರು ಹೊಕ್ಕ ದಿನದಿಂದಲ್ಲ, ರೋಗದಿಂದ ಅಶಕ್ತರಾದ ದಿನ ಮತ್ತು ಅದಕ್ಕೆ ಕಲ್ನಾರು ಕಾರಣವೆಂದು ತಿಳಿದ ದಿನ ಇವೆರಡರಲ್ಲಿ ತಡವಾದದ್ದರಿಂದ ಎಣಿಸುತ್ತಾರೆಂಬುದು ನಿಜ. ಆದರೆ ಇರುವುದು ಒಂದೇ ವರ್ಷ. ಸಾವಿನ ನಂತರ ಕುಟುಂಬದವರು ಹೂಡುವ ದಾವೆಗೂ ಹಾಗೆಯೇ. ಚಿಕಿತ್ಸೆಯ ಓಡಾಟದಲ್ಲಿ, ಆಮೇಲೆ ಉತ್ತರಕ್ರಿಯೆ, ವರ್ಷಾಬ್ದಿಕಗಳ ನಡುವೆ ಒಂದು ವರ್ಷ ಎಷ್ಟು ಬೇಗ ಕಳೆಯುತ್ತದೆಂಬುದು ಕಂಡವರಿಗೆ ಗೊತ್ತು.

ಬೇರೆ ದೇಶಗಳಲ್ಲಿರುವ ಓದುಗರಿಗೆ ಎರಡು ಮಾತು. ಬ್ರಿಟನ್ನಿನಲ್ಲಿ ಹಲವು ಮಾಲೀಕರ ಬಳಿ ದುಡಿದ ಮೀಸೋಥೀಲಿಯೋಮ ರೋಗಿ ಯಾರೊಬ್ಬರಿಂದಲೂ ಪೂರ್ಣ ಪರಿಹಾರ ಪಡೆಯಬಹುದೆಂದು 2006ರ ಕಾಯಿದೆ ಹೇಳುತ್ತದೆ. ಹಳೆಯ ಮಾಲೀಕನೂ ವಿಮೆಗಾರನೂ ಸಿಗದಿದ್ದರೆ 2014ರಲ್ಲಿ ಬಂದ ಪ್ರತ್ಯೇಕ ನಿಧಿಯಿದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ ಧೂಳಿನ ರೋಗಗಳಿಗಾಗಿಯೇ 1989ರಿಂದ ನ್ಯಾಯಮಂಡಳಿಯೊಂದಿದೆ.

ಭಾರತದಲ್ಲಿ ಉಸಿರಾಡಿದ ನಾರು

ನಮ್ಮ ಬಹುಪಾಲು ಹಿರಿಯರ ಮಟ್ಟಿಗೆ ಮೇಲೆ ಹೇಳಿದ ತೀರ್ಪುಗಳು ನೇರವಾಗಿ ಒದಗುವುದಿಲ್ಲ. ಅವರು ನಾರನ್ನು ಉಸಿರಾಡಿದ್ದರೆ ಅದು ಊರಿನಲ್ಲಿ. ಕರ್ನಾಟಕದ ನೆಲದಲ್ಲೇ ಕಲ್ನಾರು ಇದೆ. ಹಾಸನ ಜಿಲ್ಲೆಯ ಹೊಳೆನರಸೀಪುರ ಸೀಮೆಯ ಪುರಾತನ ಶಿಲಾಪಟ್ಟಿ ಭೂವಿಜ್ಞಾನಿಗಳಿಗೆ ಇದಕ್ಕೂ ಪರಿಚಿತ. ಭಾರತ ಸರ್ಕಾರ 1986ರಿಂದ ಹೊಸ ಗಣಿ ಗುತ್ತಿಗೆಗಳನ್ನು ಕೊಡುವುದನ್ನು ನಿಲ್ಲಿಸಿತು. ಆದರೆ ಆಮದನ್ನು ನಿಲ್ಲಿಸಲಿಲ್ಲ. ವರ್ಷಕ್ಕೆ ಮೂರು ಲಕ್ಷ ಟನ್ನಿಗೂ ಹೆಚ್ಚು ಬಿಳಿ ಕಲ್ನಾರು, ಮುಖ್ಯವಾಗಿ ರಷ್ಯ ಮತ್ತು ಕಜಕಿಸ್ತಾನಗಳಿಂದ, ಬರುತ್ತದೆ. ತನ್ನ ಕಾರ್ಮಿಕರು ಅಗೆಯಬಾರದೆಂದ ವಸ್ತುವನ್ನು ತನ್ನ ಕಾರ್ಮಿಕರು ಕತ್ತರಿಸಬಹುದೆನ್ನುವ ಈ ನೀತಿಯ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ.

ಅಮೆರಿಕದಲ್ಲಿ ಬಳಕೆ ತುತ್ತತುದಿ ಮುಟ್ಟಿದ್ದು 1973ರಲ್ಲಿ, ಸುಮಾರು ಎಂಟು ಲಕ್ಷ ಟನ್. ಅರ್ಧ ಶತಮಾನದ ನಂತರವೂ ಇಲ್ಲಿ ವರ್ಷಕ್ಕೆ ಸುಮಾರು 2,500 ಮಂದಿ ಮೀಸೋಥೀಲಿಯೋಮದಿಂದ ಸಾಯುತ್ತಿದ್ದಾರೆ. ಬಿಳಿ ಕಲ್ನಾರನ್ನು ಅಮೆರಿಕ ನಿಷೇಧಿಸಿದ್ದು 2024ರಲ್ಲಷ್ಟೆ. ಭಾರತದ ಬಳಕೆ ಏರಿದ್ದು ಈಚಿನ ದಶಕಗಳಲ್ಲಿ. ಇಂದು ಅಲ್ಲಿನ ಆಸ್ಪತ್ರೆಗಳಲ್ಲಿ ಈ ರೋಗ ಅಪರೂಪವಾಗಿ ಕಾಣುವುದಕ್ಕೆ ಒಂದು ಕಾರಣ ಹುಡುಕದಿರುವುದು, ಇನ್ನೊಂದು ಕಾಲ ಇನ್ನೂ ಕೂಡಿಬರದಿರುವುದು.

ಕಾನೂನು ಇಲ್ಲವೆಂದಲ್ಲ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 1995ರ ಜನವರಿ 27ರಂದು ಕೊಟ್ಟ ತೀರ್ಪು ಕಾರ್ಮಿಕನ ಆರೋಗ್ಯವನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೆ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆಜ್ಞಾಪಿಸಿತು. ರೋಗ ದೃಢಪಟ್ಟವರಿಗೆ ಒಂದು ಲಕ್ಷ ರೂಪಾಯಿ ಪರಿಹಾರವನ್ನೂ ವಿಧಿಸಿತು. ರೋಗದ ಅಂತರವನ್ನು ನ್ಯಾಯಮೂರ್ತಿಗಳು ಎಷ್ಟು ಚೆನ್ನಾಗಿ ಗ್ರಹಿಸಿದ್ದರೆಂಬುದಕ್ಕೆ ಆ 40 ವರ್ಷಗಳೇ ಸಾಕ್ಷಿ. ಆದರೆ ಆಜ್ಞೆ ಸಂಘಟಿತ ಕಾರ್ಖಾನೆಗಳಿಗೆ ಅನ್ವಯಿಸುವುದು ಸುಲಭ. ಬಿಸಿಲಿನಲ್ಲಿ ನಿಂತು ವಿದ್ಯುತ್ ಗರಗಸದಿಂದ ಶೀಟು ಕೊಯ್ಯುವ ದಿನಗೂಲಿಯವನ ದಾಖಲೆಯನ್ನು ಇಡುವವರು ಯಾರು? ಪೂರ್ಣ ನಿಷೇಧ ಕೋರಿದ ಇನ್ನೊಂದು ಅರ್ಜಿಯನ್ನು ಅದೇ ನ್ಯಾಯಾಲಯ 2011ರಲ್ಲಿ ತಳ್ಳಿಹಾಕಿತು.

ಊರಿನ ಮನೆಯ ಮಾಡಿನ ಬಗ್ಗೆ ನನ್ನನ್ನು ಕೇಳುವವರಿಗೆ ಹೇಳುವುದಿಷ್ಟು. ಗಟ್ಟಿಯಾಗಿರುವ ಶೀಟಿನ ಕೆಳಗೆ ಮಲಗಿದ್ದಕ್ಕೆ ರೋಗ ಬಂದೀತೆಂಬ ಭಯ ಬೇಡ; ಸಿಮೆಂಟು ನಾರನ್ನು ಹಿಡಿದಿಟ್ಟಿರುತ್ತದೆ. ಅದನ್ನು ಕೊಯ್ಯುವುದು, ತೂತು ಕೊರೆಯುವುದು, ಪಾಚಿ ಹೋಗಲೆಂದು ತಂತಿಯ ಬ್ರಷ್ಷಿನಿಂದ ಉಜ್ಜುವುದು, ಒಡೆದ ಚೂರುಗಳನ್ನು ಅಂಗಳಕ್ಕೆ ಹಾಸುವುದು, ಇವೇ ಅಪಾಯ. ತೆಗೆಯಲೇಬೇಕಾದರೆ ನೀರಿನಿಂದ ಚೆನ್ನಾಗಿ ತೋಯಿಸಿ, ಒಡೆಯದೆ ಇಡಿಯಾಗಿ ಇಳಿಸಬೇಕು. ಇಳಿಸುವವನೂ ಒಬ್ಬರ ಮಗನೆಂಬುದನ್ನು ಮರೆಯದೆ ಒಳ್ಳೆಯ ಮುಖಗವಸು ತರಿಸಿಕೊಡಬೇಕು.

ಬರೆದಿಡಬೇಕಾದದ್ದು

ಅಪ್ಪ ಅಥವಾ ಮಾವ ಆರು ತಿಂಗಳಿಗೆಂದು ಬಂದಿರುವಾಗ ಒಂದು ಸಂಜೆ ಕುಳಿತು ಅವರ ಕೆಲಸದ ಚರಿತ್ರೆಯನ್ನು ಬರೆದುಕೊಳ್ಳಿ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಊರಿನ ಯಾವ ಕಾರ್ಖಾನೆ, ಯಾವ ವಿಭಾಗ. ಬಾಯ್ಲರ್, ಕುಲುಮೆ, ರೈಲ್ವೆ ಶೆಡ್ಡು, ಹಡಗಿನ ಎಂಜಿನ್ ಕೋಣೆ, ಬ್ರೇಕಿನ ಕೆಲಸ, ಕಟ್ಟಡದ ಕೆಲಸ ಏನಾದರೂ ಇತ್ತೇ. ಮೂಟೆಗಳ ಮೇಲೆ ಯಾವ ಹೆಸರು ಅಚ್ಚಾಗಿತ್ತು. ಜೊತೆಯಲ್ಲಿ ದುಡಿದವರು ಯಾರು, ಅವರಲ್ಲಿ ಯಾರಿಗೆ ಏನಾಯಿತು. ಕೆಲಸದ ಬಟ್ಟೆಯನ್ನು ಮನೆಯಲ್ಲಿ ಒಗೆಯುತ್ತಿದ್ದವರು ಯಾರೆಂದು ಅಮ್ಮನನ್ನೂ ಕೇಳಿ. ನೇಮಕಾತಿ ಪತ್ರ, ಭವಿಷ್ಯನಿಧಿಯ ಚೀಟಿ, ಇಎಸ್‌ಐ ಕಾರ್ಡು, ಹಳೆಯ ಎಕ್ಸ್‌ರೇ ಸಿಕ್ಕರೆ ಚಿತ್ರ ತೆಗೆದಿಡಿ. ವೈದ್ಯರ ಬಳಿ ಹೋಗುವಾಗ ಆ ಹಾಳೆ ಜೊತೆಗಿರಲಿ. ಆರೋಗ್ಯವಾಗಿರುವವರಿಗೆ ಇದರಿಂದ ನಷ್ಟವೇನೂ ಇಲ್ಲ. ಮೊಮ್ಮಕ್ಕಳಿಗೆ ಅಜ್ಜನ ಬದುಕು ತಿಳಿಯುತ್ತದೆ.

ಇನ್ನೊಂದು ವಿಷಯ ಹೇಳುವುದು ಕಷ್ಟ, ಆದರೆ ಹೇಳಬೇಕು. ಬಯಾಪ್ಸಿಯ ತುಣುಕನ್ನು ಆಸ್ಪತ್ರೆಯು ಮೇಣದ ಅಚ್ಚಿನಲ್ಲಿ ಹುದುಗಿಸಿ ಇಟ್ಟಿರುತ್ತದೆ. ಅದು ಯಾವ ಆಸ್ಪತ್ರೆಯಲ್ಲಿದೆ, ಎಷ್ಟು ವರ್ಷ ಇಡುತ್ತಾರೆ ಎಂಬುದನ್ನು ಲಿಖಿತವಾಗಿ ಕೇಳಿಕೊಳ್ಳಬೇಕು; ಭಾರತದಲ್ಲಿ ಬಯಾಪ್ಸಿಯಾಗಿದ್ದರೆ ಅಚ್ಚನ್ನು ಪಡೆದು ತರಲೂ ಬರುತ್ತದೆ. ನಮ್ಮಲ್ಲಿ ಮರಣದ ಮರುದಿನವೇ ದಹನ. ಬದುಕಿದ್ದಾಗ ತುಣುಕು ತೆಗೆಯದೆ, ಎದೆಯಲ್ಲಿ ನೀರು ಎಂಬ ಹೆಸರಿನಲ್ಲೇ ತೀರಿಕೊಂಡವರ ರೋಗವನ್ನು ದಹನದ ನಂತರ ಯಾವ ವಿಜ್ಞಾನವೂ ಹೇಳಲಾರದು. ಸಂದೇಹವಿದ್ದಲ್ಲಿ ಮರಣೋತ್ತರ ಪರೀಕ್ಷೆಗೆ ಒಪ್ಪುವುದೋ ಬಿಡುವುದೋ ಎಂಬ ಪ್ರಶ್ನೆಯನ್ನು ವೈದ್ಯರು ಆ ಘಳಿಗೆಯಲ್ಲಿ ಕೇಳಲು ಹಿಂಜರಿಯುತ್ತಾರೆ, ಮಕ್ಕಳು ಉತ್ತರಿಸಲು ಹಿಂಜರಿಯುತ್ತಾರೆ. ಅದನ್ನು ರೋಗಿಯೊಡನೆ, ಅವರು ಮಾತಾಡಬಲ್ಲ ಸ್ಥಿತಿಯಲ್ಲಿರುವಾಗಲೇ ಕೇಳಿಕೊಂಡಿರುವುದು ಒಳ್ಳೆಯದು. ಬಹಳಷ್ಟು ಹಿರಿಯರು ನಾವು ಅಂದುಕೊಂಡದ್ದಕ್ಕಿಂತ ಸುಲಭವಾಗಿ ಒಪ್ಪುತ್ತಾರೆ.